ಗುಲಾಮರಿಗೆ ಬಿಡುಗಡೆ ಯಾರೋ ಕೊಟ್ಟಿದ್ದಾ, ಅವರೇ ತಗೊಂಡಿದ್ದಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ವಿಲ್ಬರ್‌ಫೋರ್ಸ್, ಅಮೆರಿಕದಲ್ಲಿ ಲಿಂಕನ್ ಗುಲಾಮರಿಗೆ ಬಿಡುಗಡೆ ಕೊಟ್ಟರು ಅಂತ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿಯವರೆಗೆ ಗುಲಾಮರು ಸುಮ್ನೆ ಕಾಯುತ್ತ ಕೂತಿದ್ದರಾ? ಕೆಲವರು ದುಡ್ಡು ಕೊಟ್ಟು ತಮ್ಮನ್ನು ತಾವೇ ಕೊಂಡುಕೊಂಡರು ಅಂತಲೂ ಎಲ್ಲೋ ಓದಿದೆ. ಗುಲಾಮನ ಕೈಗೆ ದುಡ್ಡು ಎಲ್ಲಿಂದ ಬರುತ್ತದೆ? ನಮ್ಮ ಯಲ್ಲಾಪುರದ ಕಡೆಯ ಸಿದ್ದಿಯರಿಗೂ ಈ ಕಥೆಗೂ ಸಂಬಂಧ ಇದೆಯಾ?

ಉತ್ತರ: ಕಾಯುತ್ತ ಕೂತಿರಲಿಲ್ಲ. ವಿಲ್ಬರ್‌ಫೋರ್ಸ್ ಮಾಡಿದ್ದು ಸಣ್ಣ ಕೆಲಸ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಅದೇ ಮಸೂದೆ ಹಿಡಿದು ಪಾರ್ಲಿಮೆಂಟಿನಲ್ಲಿ ಸೋತು ಸೋತು ಕಡೆಗೆ ಗೆದ್ದ ಮನುಷ್ಯ ಆತ. ಆದರೆ ಅದೇ ಪಾರ್ಲಿಮೆಂಟು ಕಡೆಗೆ ಯಾಕೆ ಒಪ್ಪಿತು ಅಂತ ಹುಡುಕಲು ಹೊರಟರೆ ಲಂಡನ್ ಬಿಟ್ಟು ಬಹಳ ದೂರ ಹೋಗಬೇಕಾಗುತ್ತದೆ. ಗುಲಾಮರನ್ನು ಹಿಡಿದಿಟ್ಟುಕೊಳ್ಳುವುದು ದುಬಾರಿ, ಅಪಾಯ, ತಲೆನೋವು ಅನ್ನಿಸುವಂತೆ ಮಾಡಿದವರು ಗುಲಾಮರೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗುಲಾಮರ ವ್ಯಾಪಾರ ನಿಂತಿದ್ದು ಬೇರೆ, ಗುಲಾಮಗಿರಿ ನಿಂತಿದ್ದು ಬೇರೆ. ಬ್ರಿಟನ್ 1807ರಲ್ಲಿ ನಿಲ್ಲಿಸಿದ್ದು ವ್ಯಾಪಾರವನ್ನು ಮಾತ್ರ, ಅಂದರೆ ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದು ಮಾರುವುದನ್ನು. ಮೂರೂವರೆ ಶತಮಾನದಲ್ಲಿ ಯುರೋಪು ಮತ್ತು ಅಮೆರಿಕಗಳ ವ್ಯಾಪಾರಿಗಳು ಹೀಗೆ ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ ಜನ. ಅದರಲ್ಲಿ ಸುಮಾರು 18 ಲಕ್ಷ ಮಂದಿ ದಾರಿಯಲ್ಲೇ ಸತ್ತರು. ಆಗಲೇ ತೋಟಗಳಲ್ಲಿದ್ದವರು 1807ರ ನಂತರವೂ ಗುಲಾಮರಾಗಿಯೇ ಉಳಿದರು. ಅವರಿಗೆ ಕಾನೂನು ಬಂದದ್ದು 1833ರಲ್ಲಿ, ನಿಜವಾದ ಬಿಡುಗಡೆ ಸಿಕ್ಕಿದ್ದು 1838ರಲ್ಲಿ.

ನಿಮ್ಮ ದುಡ್ಡಿನ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ. ಜಮೈಕಾದಂಥ ದ್ವೀಪಗಳಲ್ಲಿ ಒಡೆಯರು ಗುಲಾಮರಿಗೆ ಊಟ ಹಾಕುವ ಖರ್ಚು ಉಳಿಸಲು ಬೆಟ್ಟದ ಕಡೆ ತುಂಡು ಜಾಗ ಕೊಡುತ್ತಿದ್ದರು. ನಿಮ್ಮ ಗೆಡ್ಡೆ ಗೆಣಸು ನೀವೇ ಬೆಳೆದುಕೊಳ್ಳಿ ಅಂತ. ಮಿಕ್ಕಿದ್ದನ್ನು, ಜೊತೆಗೆ ಕೋಳಿ ಮೊಟ್ಟೆಯನ್ನು, ಅವರು ಭಾನುವಾರದ ಸಂತೆಯಲ್ಲಿ ಮಾರುತ್ತಿದ್ದರು. ಪಟ್ಟಣಗಳಲ್ಲಿ ಇನ್ನೊಂದು ದಾರಿ ಇತ್ತು. ಬಡಗಿ, ಅಗಸಗಿತ್ತಿ, ತಿಂಡಿ ಮಾರುವವರು ಹೊರಗೆ ದುಡಿದು ಒಡೆಯನಿಗೆ ವಾರಕ್ಕೆ ಇಷ್ಟು ಅಂತ ಕಟ್ಟಬೇಕು. ಅದರ ಮೇಲೆ ಉಳಿದ ಚಿಲ್ಲರೆ ಅವರದು. ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದಲ್ಲಿ ಗುಲಾಮ ತನ್ನ ಬೆಲೆಯನ್ನು ಗೊತ್ತು ಮಾಡಿಸಿಕೊಂಡು ಕಂತಿನಲ್ಲಿ ಕಟ್ಟುವ ಪದ್ಧತಿಯೇ ಇತ್ತು. ಒಮ್ಮೆ ಬೆಲೆ ಗೊತ್ತಾದ ಮೇಲೆ ಒಡೆಯ ಏರಿಸುವಂತಿರಲಿಲ್ಲ.

ಈ ದಾರಿಯಲ್ಲಿ ಬಂದವರಲ್ಲಿ ಎಲ್ಲರಿಗಿಂತ ಹೆಸರಾದವನು ಓಲೌಡಾ ಎಕ್ವಿಯಾನೋ. ತಾನು ಈಗಿನ ನೈಜೀರಿಯಾದ ಇಗ್ಬೋ ಜನರವನು, ಬಾಲ್ಯದಲ್ಲೇ ಅಪಹರಣವಾದವನು ಅಂತ ಬರೆದುಕೊಂಡಿದ್ದಾನೆ. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ ರಾಬರ್ಟ್ ಕಿಂಗ್ ಅನ್ನುವ, ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ವ್ಯಾಪಾರಿಯ ಆಳಾಗಿದ್ದ. ಹಡಗಿನ ಕೆಲಸಕ್ಕೆ ಹೋಗುತ್ತಿದ್ದಾಗ ಅವನ ಬಂಡವಾಳ ಮೂರೇ ಪೆನ್ಸ್. ಸೇಂಟ್ ಯುಸ್ಟೇಶಿಯಸ್ ದ್ವೀಪದಲ್ಲಿ ಆ ದುಡ್ಡಿಗೆ ಒಂದು ಗಾಜಿನ ಲೋಟ ಕೊಂಡ. ಮಾಂಟ್ಸೆರಾಟಿಗೆ ತಂದು ಆರು ಪೆನ್ಸಿಗೆ ಮಾರಿದ. ಮುಂದಿನ ಸಲ ಎರಡು ಲೋಟ. ಹೀಗೆ ಸೇರಿಸುತ್ತ ಸೇರಿಸುತ್ತ 1766ರಲ್ಲಿ 40 ಪೌಂಡ್ ಒಟ್ಟುಮಾಡಿದ. ಕಿಂಗ್ ಅವನನ್ನು ಕೊಂಡಿದ್ದ ಬೆಲೆಯೇ ಅದು. ಅಷ್ಟು ತಂದರೆ ಬಿಡುತ್ತೇನೆ ಅಂದಿದ್ದ ಕಿಂಗ್, ದುಡ್ಡು ಎದುರಿಗೆ ಬಂದಾಗ ಹಿಂದೇಟು ಹಾಕಿದ. ಇವನು ಇಷ್ಟು ಬೇಗ ಸೇರಿಸುತ್ತಾನೆ ಅಂತ ಅವನಿಗೆ ಅನ್ನಿಸಿರಲಿಲ್ಲ. ಜೊತೆಗಿದ್ದ ಹಡಗಿನ ಕ್ಯಾಪ್ಟನ್ ಮಾತು ನೆನಪಿಸಿದ ಮೇಲೆ ಬಿಡುಗಡೆ ಪತ್ರ ಬರೆದುಕೊಟ್ಟ. ಅದಾದ ಮೇಲೂ ಅಮೆರಿಕದ ಜಾರ್ಜಿಯಾ ಬಂದರಿನಲ್ಲಿ ಅವನನ್ನು ಹಿಡಿದು ಮತ್ತೆ ಮಾರಲು ನೋಡಿದವರಿದ್ದರು. ಕಪ್ಪು ಮನುಷ್ಯನ ಮಾತಿಗೆ ಅಲ್ಲಿನ ಕೋರ್ಟಿನಲ್ಲಿ ಬೆಲೆ ಇರಲಿಲ್ಲ ಅಂದಮೇಲೆ ಜೇಬಿನಲ್ಲಿ ಪತ್ರ ಇದ್ದು ಏನು ಭದ್ರತೆ?

ಇದನ್ನು ಓದಿ ಬೀಗುವುದು ಸುಲಭ. ಆದರೆ ತನ್ನನ್ನು ತಾನು ಕೊಂಡುಕೊಂಡವನಿಂದ ಒಡೆಯನಿಗೆ ನಷ್ಟ ಇರಲಿಲ್ಲ. ಅದೇ ದುಡ್ಡಿಗೆ ಅವನು ಇನ್ನೊಬ್ಬ ಗುಲಾಮನನ್ನು ಕೊಳ್ಳಬಹುದಿತ್ತು, ಕೊಳ್ಳುತ್ತಲೂ ಇದ್ದ. ಕಬ್ಬಿನ ಗದ್ದೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತಿದ್ದ ಹೆಚ್ಚಿನವರಿಗೆ ಈ ದಾರಿ ಇರಲೇ ಇಲ್ಲ. ಹಾಗಾಗಿ ನನಗೆ ಎಕ್ವಿಯಾನೋ ಮುಖ್ಯ ಅನ್ನಿಸುವುದು ಆ 40 ಪೌಂಡಿಗಾಗಿ ಅಲ್ಲ, ಆಮೇಲೆ ಲಂಡನ್ನಿನಲ್ಲಿ ಅವನು ಮಾಡಿದ ಕೆಲಸಕ್ಕಾಗಿ.

1781ರ ಕೊನೆಯಲ್ಲಿ ಜೋಂಗ್ ಅನ್ನುವ ಹಡಗು ಆಫ್ರಿಕಾದಿಂದ ಜಮೈಕಾಕ್ಕೆ ಹೊರಟಿತ್ತು. ದಾರಿ ತಪ್ಪಿತು. ನೀರು ಸಾಲದು ಅನ್ನುವ ನೆಪ ಹೇಳಿ ಹಡಗಿನವರು ಸುಮಾರು 130 ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ರೋಗದಿಂದ ಸತ್ತರೆ ವಿಮೆ ಸಿಗುತ್ತಿರಲಿಲ್ಲ. ಹಡಗು ಉಳಿಸಲು ‘ಸರಕು’ ಎಸೆಯಬೇಕಾಯಿತು ಅಂದರೆ ತಲೆಗೆ 30 ಪೌಂಡ್ ಸಿಗುತ್ತಿತ್ತು. ಮಾಲೀಕರು ಲಂಡನ್ನಿನಲ್ಲಿ ವಿಮೆಯ ದಾವೆ ಹೂಡಿದರು, ಜ್ಯೂರಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಪತ್ರಿಕೆಯಲ್ಲಿ ಇದರ ಸುದ್ದಿ ಬಂದಾಗ, 1783ರ ಮಾರ್ಚ್‌ನಲ್ಲಿ, ಎಕ್ವಿಯಾನೋ ನೇರವಾಗಿ ಗ್ರಾನ್‌ವಿಲ್ ಶಾರ್ಪ್ ಮನೆಗೆ ಹೋಗಿ ವಿಷಯ ಮುಟ್ಟಿಸಿದ. ಶಾರ್ಪ್ ಗುಲಾಮರ ಪರ ಕೋರ್ಟು ಅಲೆಯುತ್ತಿದ್ದ ಇಂಗ್ಲಿಷ್ ಮಾಜಿ ಗುಮಾಸ್ತ. ಮೇಲಿನ ಕೋರ್ಟು ಮರುವಿಚಾರಣೆಗೆ ಆದೇಶಿಸಿತು. ಎಸೆಯುತ್ತಿದ್ದ ದಿನಗಳಲ್ಲೇ ಮಳೆ ಬಂದಿತ್ತು ಅನ್ನುವುದು ಆಗ ಹೊರಬಿತ್ತು. ಕೊಲೆ ಆರೋಪ ಯಾರ ಮೇಲೂ ಬರಲಿಲ್ಲ. ಆದರೂ ವಿಮೆಯ ಲೆಕ್ಕದಲ್ಲಿ ಮುಚ್ಚಿಹೋಗಬೇಕಿದ್ದ ಸುದ್ದಿ ಮುಂದೆ ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರ ವಿರೋಧಿಸುವವರ ಕೈಗೆ ದೊಡ್ಡ ಸಾಕ್ಷಿಯಾಯಿತು. ನಾಲ್ಕು ವರ್ಷದ ನಂತರ, 1787ರಲ್ಲಿ, ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ಹುಟ್ಟಿತು. ಶಾರ್ಪ್ ಅದರ ಮೊದಲ ಸಾಲಿನಲ್ಲಿದ್ದ. 1789ರಲ್ಲಿ ಎಕ್ವಿಯಾನೋ ತನ್ನ ಬದುಕಿನ ಕಥೆಯನ್ನು ಪುಸ್ತಕ ಮಾಡಿದ. ಊರೂರು ಸುತ್ತಿ ಭಾಷಣ ಮಾಡಿ ತಾನೇ ಮಾರಿದ. ಅವನು ಸಾಯುವ ಮೊದಲೇ 9 ಮುದ್ರಣ ಆಯಿತು. 1797ರಲ್ಲಿ ತೀರಿಕೊಂಡ, ವ್ಯಾಪಾರ ನಿಂತದ್ದನ್ನು ನೋಡಲಿಲ್ಲ.

ಇದಕ್ಕೂ ಮೊದಲೇ ಕೋರ್ಟಿನ ದಾರಿ ತೆರೆದವನು ಜೇಮ್ಸ್ ಸಾಮರ್ಸೆಟ್. ಒಡೆಯ ಚಾರ್ಲ್ಸ್ ಸ್ಟೀವರ್ಟ್ ಅವನನ್ನು ಅಮೆರಿಕದಿಂದ ಲಂಡನ್ನಿಗೆ ತಂದಿದ್ದ. 1771ರಲ್ಲಿ ಸಾಮರ್ಸೆಟ್ ಮನೆ ಬಿಟ್ಟು ಹೊರಟ. ಸ್ಟೀವರ್ಟ್ ಅವನನ್ನು ಹಿಡಿಸಿ, ಜಮೈಕಾಕ್ಕೆ ಹೊರಟ ಹಡಗಿನಲ್ಲಿ ಸಂಕೋಲೆ ಹಾಕಿ ಇರಿಸಿದ. ಪ್ರಕರಣ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಮುಂದೆ ಬಂತು. 1772ರ ಜೂನ್ 22ರಂದು ಅವರು ಕೊಟ್ಟ ತೀರ್ಪು ಬಹಳ ಬಿಗಿಯಾದದ್ದು: ಒಡೆಯ ತನ್ನ ಗುಲಾಮನನ್ನು ಬಲವಂತವಾಗಿ ಇಂಗ್ಲೆಂಡಿನಿಂದ ಹೊರಗೆ ಸಾಗಿಸುವಂತಿಲ್ಲ. ಅಷ್ಟೇ. ಇಂಗ್ಲೆಂಡಿನಲ್ಲಿ ಗುಲಾಮಗಿರಿ ಮುಗಿಯಿತು ಅಂತ ಅವರು ಹೇಳಲಿಲ್ಲ.

ಆದರೆ ಹಾಗೆ ಓದಿಕೊಂಡವರು ಇದ್ದರು. ಕೆಲವೇ ವಾರಗಳಲ್ಲಿ ಸ್ಟೀವರ್ಟನ ಪರಿಚಯಸ್ಥನೊಬ್ಬ ಅವನಿಗೆ ಕಾಗದ ಬರೆದ: ಡಬ್ಲಿನ್ ಅನ್ನುವ ಹೆಸರಿನ ನಮ್ಮ ಮನೆಯ ಆಳು ಓಡಿಹೋಗಿದ್ದಾನೆ. ‘ಮ್ಯಾನ್ಸ್‌ಫೀಲ್ಡ್ ಸಾಹೇಬರು ನಮಗೆಲ್ಲ ಬಿಡುಗಡೆ ಕೊಟ್ಟಿದ್ದಾರೆ’ ಅಂತ ಅಂಕಲ್ ಸಾಮರ್ಸೆಟ್ ಪತ್ರ ಬರೆದಿದ್ದಾನಂತೆ, ಹಾಗಂತ ಆಳುಗಳಿಗೆಲ್ಲ ಹೇಳಿ ಹೋಗಿದ್ದಾನೆ. ಈ ಇಡೀ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ದಾಖಲೆ ಇದು. ನ್ಯಾಯಾಧೀಶರು ಬರೆದ ತೀರ್ಪು ಒಂದು, ಅಡುಗೆಮನೆಯಲ್ಲಿ ಓದಿಕೊಂಡ ತೀರ್ಪು ಇನ್ನೊಂದು. ಬದುಕು ಬದಲಿಸಿದ್ದು ಎರಡನೆಯದು. ಸ್ಕಾಟ್ಲೆಂಡಿನಲ್ಲಿ ಜೋಸೆಫ್ ನೈಟ್ ಅನ್ನುವವನೂ ಇದೇ ಸುದ್ದಿ ಓದಿ ಒಡೆಯನ ಮೇಲೆ ಕೋರ್ಟಿಗೆ ಹೋದ. 1778ರಲ್ಲಿ ಗೆದ್ದ. ಅಲ್ಲಿನ ಕೋರ್ಟು ಸ್ಕಾಟ್ ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲ ಅಂತ ನೇರವಾಗಿಯೇ ಹೇಳಿತು.

ಹಡಗುಗಳ ವಿಷಯಕ್ಕೆ ಬರೋಣ. ಸುಮಾರು ಹತ್ತು ಹಡಗಿಗೆ ಒಂದರಲ್ಲಿ ದಂಗೆ ಆಗುತ್ತಿತ್ತು ಅಂತ ಇತಿಹಾಸಕಾರರ ಅಂದಾಜು. ಹೆಚ್ಚಿನವು ಸೋತವು, ದಂಗೆ ಎದ್ದವರು ಘೋರವಾಗಿ ಸತ್ತರು. ಆದರೆ ಈ ಭಯಕ್ಕೆ ಹಡಗಿನವರು ಜಾಸ್ತಿ ಕಾವಲು, ಜಾಸ್ತಿ ಬಂದೂಕು, ಡೆಕ್ಕಿನ ಮೇಲೆ ಅಡ್ಡಗೋಡೆ ಅಂತ ಖರ್ಚು ಮಾಡಬೇಕಾಯಿತು. ಖರ್ಚು ಏರಿದಷ್ಟೂ ಸಾಗಣೆ ಇಳಿಯಿತು. ಈ ಒಂದು ಕಾರಣಕ್ಕೆ ಸುಮಾರು 10 ಲಕ್ಷ ಜನ ಹಡಗು ಹತ್ತುವುದು ತಪ್ಪಿತು ಅನ್ನುವ ಲೆಕ್ಕಾಚಾರ ಇದೆ. ಸತ್ತವರು ತಾವು ಎಂದೂ ನೋಡದವರನ್ನು ಉಳಿಸಿದರು.

ಈಗ ಎಲ್ಲಕ್ಕಿಂತ ದೊಡ್ಡ ಘಟನೆ, ಹೈಟಿ. ಆಗ ಅದರ ಹೆಸರು ಸೆಂ-ದೊಮಾಂಗ್, ಫ್ರಾನ್ಸಿನ ವಸಾಹತು. ಯುರೋಪಿನವರು ಬಳಸುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ. 40 ಭಾಗ ಅಲ್ಲಿಂದಲೇ ಬರುತ್ತಿತ್ತು, ಕಾಫಿ ಅರ್ಧಕ್ಕಿಂತ ಜಾಸ್ತಿ. ಸುಮಾರು 5 ಲಕ್ಷ ಗುಲಾಮರು. 1791ರ ಆಗಸ್ಟ್‌ನಲ್ಲಿ ಬುಕ್‌ಮನ್ ಮುಂತಾದವರ ಮುಂದಾಳುತನದಲ್ಲಿ ಉತ್ತರದ ಬಯಲಿನ ತೋಟಗಳಿಗೆ ಬೆಂಕಿ ಬಿತ್ತು. ಕೆಲವೇ ವಾರದಲ್ಲಿ ನೂರಾರು ತೋಟ ಬೂದಿ.

ಮುಂದೆ ನಡೆದದ್ದರ ಕ್ರಮ ಗಮನಿಸಿ. ಫ್ರಾನ್ಸಿನ ಮೇಲೆ ಸ್ಪೇನ್ ಮತ್ತು ಬ್ರಿಟನ್ ಯುದ್ಧಕ್ಕೆ ಬಂದವು. ವಸಾಹತನ್ನು ಉಳಿಸಿಕೊಳ್ಳಲು ಫ್ರೆಂಚ್ ಅಧಿಕಾರಿ ಸೊಂತೊನಾಕ್ಸ್‌ಗೆ ಸೈನಿಕರು ಬೇಕಾಗಿತ್ತು. ಇದ್ದ ಸೈನಿಕರು ಯಾರು? ದಂಗೆ ಎದ್ದ ಗುಲಾಮರು. 1793ರ ಆಗಸ್ಟ್ 29ರಂದು ಉತ್ತರ ಭಾಗದಲ್ಲಿ ಅವನು ಬಿಡುಗಡೆ ಘೋಷಿಸಿದ. ಆಮೇಲೆ ಅಲ್ಲಿಂದ ಪ್ರತಿನಿಧಿಗಳು ಪ್ಯಾರಿಸ್ಸಿಗೆ ಹೋದರು. ಅವರಲ್ಲಿ ಒಬ್ಬನ ಹೆಸರು ಜಾನ್-ಬಾಪ್ಟಿಸ್ಟ್ ಬೆಲ್ಲೆ, ಸೆನೆಗಲ್ಲಿನಲ್ಲಿ ಹುಟ್ಟಿ ಗುಲಾಮನಾಗಿ ಸಾಗಿಬಂದವನು. 1794ರ ಫೆಬ್ರವರಿ 4ರಂದು ಫ್ರೆಂಚ್ ಸಭೆ ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿ ರದ್ದು ಮಾಡಿತು. ಅಂದರೆ ಪ್ಯಾರಿಸ್ಸಿನ ಕಾನೂನು ಆಗಲೇ ನಡೆದುಹೋಗಿದ್ದ ಸಂಗತಿಗೆ ಮೊಹರು ಒತ್ತಿತು. ತೋಟ ಹೊತ್ತಿ ಆಗಲೇ ಎರಡೂವರೆ ವರ್ಷ ಕಳೆದಿತ್ತು, ಅಲ್ವಾ?

ತೂಸೆಂ ಲೂವೆರ್ತ್ಯೂರ್ ಕಥೆ ನಿಮಗೆ ಗೊತ್ತಿರಬಹುದು. ಗುಲಾಮನಾಗಿ ಹುಟ್ಟಿ, ಬಿಡುಗಡೆಯಾಗಿ, ಸೇನಾಪತಿಯಾಗಿ ಬ್ರಿಟಿಷರನ್ನು ಓಡಿಸಿದವನು. ಬ್ರಿಟನ್ ಅಲ್ಲಿಗೆ ಕಳಿಸಿದ ಸೈನಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸತ್ತರು, ಹೆಚ್ಚಿನವರು ಹಳದಿ ಜ್ವರಕ್ಕೆ. 1802ರಲ್ಲಿ ನೆಪೋಲಿಯನ್ ತೂಸೆಂನನ್ನು ಮೋಸದಿಂದ ಹಿಡಿಸಿದ. 1803ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಚಳಿಬೆಟ್ಟದ ಕೋಟೆಯಲ್ಲಿ ಅವನು ಸತ್ತ. ಗ್ವಾಡೆಲೂಪ್‌ನಲ್ಲಿ ಮತ್ತೆ ಗುಲಾಮಗಿರಿ ತರುತ್ತಿದ್ದಾರೆ ಅನ್ನುವ ಸುದ್ದಿ ದ್ವೀಪಕ್ಕೆ ಮುಟ್ಟಿದ ಮೇಲೆ ಜನ ಬಗ್ಗಲಿಲ್ಲ. 1804ರ ಜನವರಿ 1ರಂದು ಅವರ ಸೇನಾಪತಿ ದೆಸಲೀನ್ ಹೈಟಿಯ ಸ್ವಾತಂತ್ರ್ಯ ಸಾರಿದ.

ಬ್ರಿಟನ್ 1807ರಲ್ಲಿ ವ್ಯಾಪಾರ ನಿಲ್ಲಿಸಿದ್ದಕ್ಕೆ ಇದೊಂದೇ ಕಾರಣ ಅನ್ನಲಾರೆ. ಲಕ್ಷಗಟ್ಟಲೆ ಬ್ರಿಟಿಷ್ ಜನ ಗುಲಾಮರ ದುಡಿಮೆಯ ಸಕ್ಕರೆ ತಿನ್ನುವುದನ್ನೇ ಬಿಟ್ಟಿದ್ದರು, ಊರೂರಿನಿಂದ ಅರ್ಜಿ ಬಂದಿದ್ದವು. ಆದರೆ ಹೈಟಿ ಎರಡು ಕೆಲಸ ಮಾಡಿತು. ‘ನಾವು ಬಿಟ್ಟರೆ ಫ್ರೆಂಚರು ಲಾಭ ಹೊಡೆಯುತ್ತಾರೆ’ ಅನ್ನುವ ತೋಟದ ಒಡೆಯರ ವಾದದ ಬಲ ಕುಗ್ಗಿತು. ಹೊಸದಾಗಿ ಆಫ್ರಿಕನ್ನರನ್ನು ತಂದು ತುಂಬುವುದು ಉರಿಯುವ ಒಲೆಗೆ ಸೌದೆ ಒಡ್ಡಿದಂತೆ ಅನ್ನುವ ಭಯವೂ ಹುಟ್ಟಿತು.

ಹೈಟಿ ಸುಮ್ಮನೆ ಮಾದರಿಯಾಗಿ ನಿಲ್ಲಲಿಲ್ಲ. ನಮ್ಮ ನೆಲಕ್ಕೆ ಕಾಲಿಟ್ಟ ಆಫ್ರಿಕನ್ ಮೂಲದವನಿಗೆ ಇಲ್ಲಿ ಆಶ್ರಯ ಅಂತ 1816ರ ಸಂವಿಧಾನದಲ್ಲೇ ಬರೆದರು. ಮರುವರ್ಷವೇ ಜಮೈಕಾದ ಏಳು ಗುಲಾಮ ನಾವಿಕರು ಒಡೆಯನ ಹಡಗನ್ನೇ ತಗೊಂಡು ಅಲ್ಲಿಗೆ ಓಡಿದರು. ಒಡೆಯ ಹಿಂದೆಯೇ ಹೋಗಿ ಕೇಳಿದ. ಅಧ್ಯಕ್ಷ ಪೆತಿಯೋಂ ಹಡಗು ಕೊಟ್ಟರು, ಜನರನ್ನು ಕೊಡಲಿಲ್ಲ. ಅವರು ಈಗ ಹೈಟಿಯ ಪ್ರಜೆಗಳು ಅಂದರು.

ಇನ್ನು ಜಮೈಕಾ. ವಿಲ್ಬರ್‌ಫೋರ್ಸ್ ಕಥೆಯಲ್ಲಿ ಕಾಣದ ಮನುಷ್ಯ ಇಲ್ಲಿದ್ದಾನೆ: ಸ್ಯಾಮ್ ಶಾರ್ಪ್. (ಮೇಲಿನ ಗ್ರಾನ್‌ವಿಲ್ ಶಾರ್ಪ್ ಬೇರೆ, ಇವನು ಬೇರೆ.) ಮಾಂಟೆಗೊ ಬೇ ಪಟ್ಟಣದ ಗುಲಾಮ, ಬ್ಯಾಪ್ಟಿಸ್ಟ್ ಚರ್ಚಿನ ಮುಂದಾಳು, ಓದು ಬರಹ ಬಲ್ಲವನು. ಇಂಗ್ಲೆಂಡಿನಲ್ಲಿ ಬಿಡುಗಡೆಯ ಚರ್ಚೆ ನಡೆಯುತ್ತಿದೆ ಅಂತ ಪತ್ರಿಕೆ ಓದಿ ತಿಳಿದುಕೊಂಡ. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಆಯ್ದ ಜನರನ್ನು ಉಳಿಸಿಕೊಂಡು ಮಾತಾಡುತ್ತಿದ್ದ. ಯೋಜನೆ ಏನು ಗೊತ್ತಾ? ಮುಷ್ಕರ. 1831ರ ಕ್ರಿಸ್ಮಸ್ ರಜೆ ಮುಗಿದ ಮೇಲೆ ಕೂಲಿ ಕೊಡದಿದ್ದರೆ ಯಾರೂ ಕಬ್ಬು ಕಡಿಯಬಾರದು. ಕಬ್ಬು ನುರಿಸುವ ಕಾಲ ಅದು, ತಡವಾದರೆ ಬೆಳೆ ಕೈಬಿಟ್ಟಂತೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿತ್ತು, ಮುಷ್ಕರ ದಂಗೆಯಾಯಿತು. ದ್ವೀಪದ ಸುಮಾರು 3 ಲಕ್ಷ ಗುಲಾಮರಲ್ಲಿ 60,000 ಮಂದಿ ಸೇರಿದರು ಅಂತ ಅಂದಾಜು. ಸತ್ತ ಬಿಳಿಯರು 14. ದಂಗೆ ಅಡಗಿದ ಮೇಲೆ ಮರಣದಂಡನೆಗೆ ಗುರಿಯಾದ ಕಪ್ಪು ಜನ 300ಕ್ಕೂ ಜಾಸ್ತಿ. ಗುಲಾಮನಾಗಿ ಬದುಕುವುದಕ್ಕಿಂತ ಆ ಗಲ್ಲಿನ ಮೇಲೆ ಸಾಯುವುದೇ ಮೇಲು ಅಂತ ಶಾರ್ಪ್ ಜೈಲಿನಲ್ಲಿ ಪಾದ್ರಿಯೊಬ್ಬರಿಗೆ ಹೇಳಿದ. 1832ರ ಮೇ 23ರಂದು ಗಲ್ಲಿಗೇರಿಸಿದರು. ‘ಆಸ್ತಿ’ ನಷ್ಟವಾಯಿತಲ್ಲ, ಅದಕ್ಕೆ ಅವನ ಒಡೆಯರಿಗೆ ಸರ್ಕಾರ 16 ಪೌಂಡ್ 10 ಶಿಲಿಂಗ್ ಕೊಟ್ಟಿತು.

ಸಿಟ್ಟಿಗೆದ್ದ ತೋಟದ ಒಡೆಯರು ಚರ್ಚುಗಳನ್ನು ಸುಟ್ಟರು. ಅದು ಅವರಿಗೇ ತಿರುಗುಬಾಣವಾಯಿತು. ವಿಲಿಯಂ ನಿಬ್‌ನಂಥ ಪಾದ್ರಿಗಳು ಇಂಗ್ಲೆಂಡಿಗೆ ಹೋಗಿ, ಸಭೆ ಸಭೆಯಲ್ಲಿ, ಪಾರ್ಲಿಮೆಂಟಿನ ಸಮಿತಿಗಳ ಮುಂದೆ, ತಾವು ಕಂಡದ್ದನ್ನು ಹೇಳಿದರು. ಬಿಡುಗಡೆ ಕೊಡದೆ ಹೋದರೆ ಮುಂದಿನ ದಂಗೆ ಇನ್ನೂ ದೊಡ್ಡದು ಅನ್ನುವುದು ಲಂಡನ್ನಿನ ಅಧಿಕಾರಿಗಳಿಗೆ ಅರ್ಥವಾಗಿತ್ತು. ಶಾರ್ಪ್ ಸತ್ತು ಹದಿನೈದು ತಿಂಗಳಿಗೆ, 1833ರ ಆಗಸ್ಟ್‌ನಲ್ಲಿ, ಕಾನೂನು ಬಂತು. ಸುಮಾರು 8 ಲಕ್ಷ ಜನ ಅದರಡಿ ಬಂದರು.

ಆ ಕಾನೂನಿನಲ್ಲೂ ಒಂದು ಕೊಕ್ಕೆ ಇತ್ತು. ಗದ್ದೆಯಲ್ಲಿ ದುಡಿಯುವವರು ಇನ್ನೂ ಆರು ವರ್ಷ ಹಳೆಯ ಒಡೆಯನಿಗೇ ಪುಕ್ಕಟೆ ದುಡಿಯಬೇಕು, ‘ತರಬೇತಿ’ ಅನ್ನುವ ಹೆಸರಿನಲ್ಲಿ. 1834ರ ಆಗಸ್ಟ್ 1ರಂದು ಟ್ರಿನಿಡಾಡಿನಲ್ಲಿ ಜನ ಗವರ್ನರ್ ಮನೆ ಮುಂದೆ ಸೇರಿ ‘ಆರು ವರ್ಷ ಆಗೋದಿಲ್ಲ’ ಅಂತ ಕೂಗಿದರು. ಇಂಥ ಪ್ರತಿಭಟನೆ, ಬ್ರಿಟನ್ನಿನಲ್ಲಿ ಒತ್ತಡ, ಎರಡೂ ಸೇರಿ 1838ಕ್ಕೇ ಅದು ಮುಗಿಯಿತು. ಪರಿಹಾರ ಅಂತ ಸರ್ಕಾರ 2 ಕೋಟಿ ಪೌಂಡ್ ಹಂಚಿತು. ಹಂಚಿದ್ದು ಒಡೆಯರಿಗೆ. ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ. ಆ ಸಾಲವನ್ನು ಬ್ರಿಟನ್ನಿನ ತೆರಿಗೆದಾರರು ಪೂರ್ತಿ ತೀರಿಸಿದ್ದು 2015ರಲ್ಲಿ. ಹೈಟಿಯ ಪಾಡು ಇನ್ನೂ ಕೆಟ್ಟದ್ದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ಹಳೆಯ ಒಡೆಯರ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕಟ್ಟಿ ಅಂದಿತು. ಆಮೇಲೆ 9 ಕೋಟಿಗೆ ಇಳಿಸಿತು. ಗೆದ್ದವರೇ ಸೋತವರಿಗೆ ದಂಡ ಕಟ್ಟಿದರು.

ಲಿಂಕನ್ ಬಗ್ಗೆ ಕೇಳಿದ್ದೀರಿ, ಚಿಕ್ಕದಾಗಿ ಹೇಳುತ್ತೇನೆ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಲಿಂಕನ್ ಸರ್ಕಾರದ ಗುರಿ ದೇಶ ಒಡೆಯದಂತೆ ನೋಡಿಕೊಳ್ಳುವುದು, ಗುಲಾಮರ ಬಿಡುಗಡೆ ಅಲ್ಲ. ಆ ಮೇ ತಿಂಗಳಲ್ಲೇ ವರ್ಜೀನಿಯಾದಲ್ಲಿ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ದಾಟಿ ಮನ್ರೋ ಕೋಟೆಯಲ್ಲಿದ್ದ ಲಿಂಕನ್ ಕಡೆಯ ಸೇನೆಯ ಬಳಿ ಬಂದರು. ಜನರಲ್ ಬಟ್ಲರ್ ಅವರನ್ನು ವಾಪಸ್ ಕೊಡಲಿಲ್ಲ. ಸುದ್ದಿ ಹರಡಿತು. ಹಿಂದೆಯೇ ಸಾವಿರಾರು ಜನ ಬಂದರು. ಬಂದವರನ್ನು ಏನು ಮಾಡುವುದು ಅಂತ ಸರ್ಕಾರ ತೀರ್ಮಾನ ಮಾಡಲೇಬೇಕಾಯಿತು. ಮುಂದೆ ಸುಮಾರು 1,80,000 ಕಪ್ಪು ಜನ ಆ ಸೇನೆ ಸೇರಿದರು. ಲಿಂಕನ್ ಹೊರಡಿಸಿದ 1863ರ ಬಿಡುಗಡೆಯ ಘೋಷಣೆ ಇದರ ಮಧ್ಯೆ ಬಂದದ್ದು.

ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಕಡೆಯದಾಗಿ ಬಿಟ್ಟ ದೇಶ ಬ್ರೆಜಿಲ್, 1888ರಲ್ಲಿ. ಅಲ್ಲಿನ ಲೂಯಿಸ್ ಗಾಮಾ ಹೆಸರು ನಮ್ಮಲ್ಲಿ ಯಾರೂ ಕೇಳಿರುವುದಿಲ್ಲ. ಆಫ್ರಿಕನ್ ತಾಯಿಗೆ ಸ್ವತಂತ್ರನಾಗಿಯೇ ಹುಟ್ಟಿದ. ಹತ್ತು ವರ್ಷವಿದ್ದಾಗ ಹೆತ್ತ ಅಪ್ಪನೇ ಅವನನ್ನು ಗುಲಾಮನಾಗಿ ಮಾರಿದ. ಹದಿನೇಳಕ್ಕೆ ಅಕ್ಷರ ಕಲಿತ, ತಾನು ಸ್ವತಂತ್ರ ಅಂತ ದಾಖಲೆ ಹುಡುಕಿ ಸಾಬೀತು ಮಾಡಿದ, ಕಾನೂನು ಓದಿಕೊಂಡ. 1831ರಲ್ಲಿ ಬ್ರೆಜಿಲ್ ಒಂದು ಕಾನೂನು ಮಾಡಿತ್ತು: ಇನ್ನು ಮುಂದೆ ತಂದಿಳಿಸಿದ ಆಫ್ರಿಕನ್ನರು ಸ್ವತಂತ್ರರು. ಯಾರೂ ಅದನ್ನು ಪಾಲಿಸಿರಲಿಲ್ಲ, ಲಕ್ಷಗಟ್ಟಲೆ ಜನರನ್ನು ಆಮೇಲೂ ಕದ್ದು ತಂದಿದ್ದರು. ಗಾಮಾ ಆ ಸತ್ತ ಕಾನೂನನ್ನೇ ಹಿಡಿದು ಸಾವೊ ಪಾವ್ಲೋ ಕೋರ್ಟುಗಳಲ್ಲಿ 500ಕ್ಕೂ ಜಾಸ್ತಿ ಜನರನ್ನು ಬಿಡಿಸಿದ. 1881ರಲ್ಲಿ ಫೋರ್ಟಲೇಜಾ ಬಂದರಿನ ತೆಪ್ಪದವರು ಗುಲಾಮರನ್ನು ಹಡಗಿಗೆ ದಾಟಿಸುವುದಿಲ್ಲ ಅಂತ ಕೈಕಟ್ಟಿ ನಿಂತರು. ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ, ತೆಪ್ಪ ಇಲ್ಲದೆ ಸಾಗಣೆ ಇಲ್ಲ. ಅವರ ಮುಂದಾಳುಗಳಲ್ಲಿ ಜೊಸೆ ನೆಪೋಲಿಯೊ ತನ್ನನ್ನು ತಾನೇ ಕೊಂಡುಕೊಂಡಿದ್ದ ಮಾಜಿ ಗುಲಾಮ. ಮೂರು ವರ್ಷದಲ್ಲಿ ಆ ಪ್ರಾಂತ್ಯ ಗುಲಾಮಗಿರಿಯನ್ನೇ ಕೈಬಿಟ್ಟಿತು. 1887ರ ಹೊತ್ತಿಗೆ ಕಾಫಿ ತೋಟಗಳಿಂದ ಗುಲಾಮರು ಗುಂಪುಗುಂಪಾಗಿ ಎದ್ದು ಹೊರಟರು. ಓಡಿಹೋದವರನ್ನು ಹಿಡಿಯುವ ಕೆಲಸ ನಮಗೆ ಬೇಡ ಅಂತ ಸೇನೆಯ ಅಧಿಕಾರಿಗಳೇ ಹೇಳಿದರು. ಮರುವರ್ಷದ ಮೇ 13ರಂದು ರಾಜಕುಮಾರಿ ಸಹಿ ಹಾಕಿದಳು.

ಕಡೆಗೆ ಸಿದ್ದಿಯರು. ಸಂಬಂಧ ಇದೆ, ಆದರೆ ಸಮುದ್ರ ಬೇರೆ. ಅವರ ಹಿರಿಯರನ್ನು ಆಫ್ರಿಕಾದಿಂದ ತಂದದ್ದು ಹಿಂದೂ ಮಹಾಸಾಗರದ ಗುಲಾಮರ ವ್ಯಾಪಾರ, ಅಟ್ಲಾಂಟಿಕ್‌ಗಿಂತ ಹಳೆಯದು. ಅದರಲ್ಲಿ ಸೈನಿಕರಾಗಿ ಬಂದು ಮೇಲೇರಿದವರೂ ಇದ್ದರು. ಬಿಜಾಪುರದ ಆದಿಲ್‌ಶಾಹಿಯಲ್ಲಿ ದೊಡ್ಡ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕನ್ ಮೂಲದವನೇ. ಆದರೆ ಉತ್ತರ ಕನ್ನಡದ ಸಿದ್ದಿಯರ ಹಿರಿಯರಲ್ಲಿ ಬಹುಪಾಲು ಜನ ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರು. ಕೆಲವರು ಬಿಡುಗಡೆಯಾಗಿ ಬಂದರು, ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ನೆಲೆಸಿದರು. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಯ ಕಾನೂನು ಮಾನ್ಯತೆ ಹೋದದ್ದು 1843ರಲ್ಲಿ, ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ರದ್ದು ಮಾಡಿದ್ದು 1869ರಲ್ಲಿ. ಕಾಡು ಸೇರಿದವರು ಎರಡಕ್ಕೂ ಕಾದಿರಲಿಲ್ಲ. ಜಮೈಕಾದ ಬೆಟ್ಟಗಳಲ್ಲಿ, ಬ್ರೆಜಿಲ್ಲಿನ ಪಾಲ್ಮಾರಿಸ್‌ನಲ್ಲಿ ಓಡಿಹೋದ ಗುಲಾಮರು ತಮ್ಮದೇ ಊರು ಕಟ್ಟಿಕೊಂಡಿದ್ದರು, ಅದೇ ಜಾತಿಯ ಬಿಡುಗಡೆ ಇದು. ಆಮೇಲೆ ಅವರಿಗೆ ಆದ ತೊಂದರೆಯೂ ಅದೇ: ಸ್ವಂತ ಜಮೀನು ಕೈಗೆ ಸಿಗದೆ ಅನೇಕರು ಇನ್ನೊಬ್ಬರ ತೋಟದಲ್ಲಿ ಕೂಲಿಯಾದರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ನೀವು ಅಲ್ಲಿಯವರೇ ಆದರೆ ಒಂದು ಕೆಲಸ ಮಾಡಬಹುದು. ಪಣಜಿಯ ದಾಖಲೆ ಸಂಗ್ರಹದಲ್ಲಿರುವ ಪೋರ್ಚುಗೀಸ್ ಕಾಲದ ಕಾಗದಗಳು ಬಹುಪಾಲು ಒಡೆಯರ, ಅಧಿಕಾರಿಗಳ ಕಡೆಯ ಮಾತು. ಯಾವ ದಾರಿಯಲ್ಲಿ ಬಂದರು, ಮೊದಲು ಎಲ್ಲಿ ನಿಂತರು, ಯಾರು ಜಾಗ ಕೊಟ್ಟರು ಅನ್ನುವುದನ್ನು ಸಿದ್ದಿ ಮನೆಗಳ ಹಿರಿಯರ ಬಳಿ ಕೂತು ಕೇಳಿ, ಅವರು ಒಪ್ಪಿದರೆ ಅವರ ಮಾತಿನಲ್ಲೇ ಬರೆದಿಡಿ.